ಮರು: ತುರ್ತಾಗಿ ಪದ ಬೇಕು – ‘ಗೇಮಿಂಗ್ ಡಿಸಾರ್ಡರ್’

> ಟ್ರಾನ್ಸ್ ಯುವಜನರಿಗೆ ಹಂಚುವ ಕರಪತ್ರ. ವಿಷಯ ವಿಡಿಯೋ ಗೇಮ್ ಮತ್ತು ಮನಸ್ಸಿನ ಆರೋಗ್ಯ. ‘ಗೇಮಿಂಗ್ ಡಿಸಾರ್ಡರ್’ಗೆ ಕನ್ನಡದಲ್ಲಿ ಏನು ಬರೆಯಲಿ? ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

>> ಆಟದ ವ್ಯಸನ. ಇದರಲ್ಲಿ ಚರ್ಚೆ ಮಾಡಲು ಏನಿದೆ?

ಇದೆ. ದಯವಿಟ್ಟು ‘ವ್ಯಸನ’ ಹಾಕಬೇಡಿ.

ಆ ಪದಕ್ಕೆ ಎರಡು ಮುಖ. ಒಂದು ಕೆಟ್ಟ ಚಟ. ಸಪ್ತವ್ಯಸನದಲ್ಲಿ ಜೂಜು, ಕುಡಿತ ಎಲ್ಲ ಬರುತ್ತವೆ. ಇನ್ನೊಂದು ದುಃಖ. ‘ವ್ಯಸನಪಡಬೇಡ ಮಗಾ’ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಈ ಕರಪತ್ರ ಹಿಡಿಯುವ ಎಷ್ಟೋ ಮಂದಿಗೆ ಇರುವುದು ಅಜ್ಜಿ ಹೇಳಿದ ವ್ಯಸನ. ಮನೆಯಲ್ಲಿ ಹುಟ್ಟಿದಾಗ ಇಟ್ಟ ಹಳೇ ಹೆಸರು ಹಿಡಿದೇ ಕೂಗುತ್ತಾರೆ. ಗೇಮಿನಲ್ಲಿ ಹೆಸರು, ಮೈಕಟ್ಟು, ಉಡುಪು ಎಲ್ಲ ತಾವೇ ಆರಿಸಿಕೊಳ್ಳಬಹುದು. ಜೊತೆಗೆ ಆಡುವವರು ಆ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲೂ ಕಾಟ ಇದೆ. ಮೈಕಿನಲ್ಲಿ ದನಿ ಕೇಳಿದ ಕೂಡಲೇ ಹಂಗಿಸುವವರಿದ್ದಾರೆ. ಅದಕ್ಕೇ ಮೈಕ್ ಮುಚ್ಚಿ ಟೈಪ್ ಮಾಡಿಯೇ ಮಾತಾಡುವವರೂ ಇದ್ದಾರೆ. ಇಷ್ಟರ ನಡುವೆ ಸಿಗುವ ಎರಡು ಗಂಟೆ ನೆಮ್ಮದಿಯನ್ನು ಜೂಜು, ಕುಡಿತದ ಸಾಲಿಗೆ ಸೇರಿಸುವುದು ಅನ್ಯಾಯ ಅಲ್ವಾ?

ಜಾಸ್ತಿ ಆಡುವುದೇ ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಗಂಟೆ ಎಣಿಸುವುದಿಲ್ಲ. ಆಟದ ಮೇಲೆ ಹತೋಟಿ ತಪ್ಪಿರಬೇಕು, ಉಳಿದೆಲ್ಲ ಹಿಂದೆ ಬಿದ್ದಿರಬೇಕು, ಕೆಡುಕಾಗುತ್ತಿದ್ದರೂ ಆಟ ಮುಂದುವರಿದಿರಬೇಕು. ಅದೂ ಸಾಮಾನ್ಯವಾಗಿ 12 ತಿಂಗಳು. 2022ರ ಜನವರಿ 1ರಿಂದ ಜಾರಿಯಲ್ಲಿರುವ ಇದೇ ಪಟ್ಟಿ, ಟ್ರಾನ್ಸ್ ಜನರ ಲಿಂಗ ಗುರುತಿನ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿತು. ‘ನಿನ್ನ ತಲೆ ಸರಿಯಿಲ್ಲ’ ಎಂಬ ಮಾತು ಕೇಳಿ ಕೇಳಿ ಸೋತವರು ಇದನ್ನು ಓದುತ್ತಾರೆ. ತಲೆಬರಹದಲ್ಲೇ ಅವರನ್ನು ಬೆದರಿಸಬೇಡಿ.

‘ಗೀಳು’ ಕೂಡ ಬೇಡ. ಗೀಳು ಮನೋರೋಗ ಅಂದರೆ ಬೇರೆಯೇ ಕಾಯಿಲೆ. ಪದೇ ಪದೇ ಕೈ ತೊಳೆಯುವುದು, ಚಿಲಕ ನೋಡುವುದು, ಅಂಥದ್ದು.

‘ಆಟ’ ಅಂತ ಬರೆದರೆ ಕರಾವಳಿಯವರಿಗೆ ಮೊದಲು ಯಕ್ಷಗಾನ ನೆನಪಾಗುತ್ತದೆ. ‘ಗೇಮಿಂಗ್’ ಇರಲಿ. ಅದು ಎರವಲು ಎಂದು ಸಿಡುಕುವವರಿಗೆ ಒಂದು ಮಾತು. ವ್ಯಸನವೂ ಎರವಲೇ. ಸಂಸ್ಕೃತದಿಂದ ಬಂದದ್ದು ಮನೆಯದು, ಇಂಗ್ಲಿಷಿನಿಂದ ಬಂದದ್ದು ಹೊರಗಿನದು ಎಂಬ ಲೆಕ್ಕ ನಾನು ಒಪ್ಪುವುದಿಲ್ಲ. ನಮ್ಮ ‘ಅವತಾರ’ ಇಂಗ್ಲಿಷಿಗೆ ಹೋಗಿ, ಗೇಮಿನ ಪಾತ್ರದ ಹೆಸರಾಗಿ, ‘ಅವತಾರ್’ ಎಂದು ವಾಪಸ್ ಬಂದಿದೆ. ಅದನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ?

ತಲೆಬರಹಕ್ಕೆ ‘ಗೇಮಿಂಗ್ ಕೈಮೀರಿದಾಗ’ ಅಂತ ಹಾಕಿ. ಒಳಗೆ ವೈದ್ಯರ ಮಾತು ಬರುವ ಕಡೆ ಮಾತ್ರ ‘ಗೇಮಿಂಗ್ ಕಾಯಿಲೆ’. ‘ಟ್ರಾನ್ಸ್’ ಬದಲಿಗೆ ಇಲ್ಲಿ ಇನ್ನೊಬ್ಬರು ‘ತೃತೀಯ ಲಿಂಗಿ’ ಸೂಚಿಸಿದ್ದಾರೆ, ಅದು ಬೇಡ. ಹುಟ್ಟಿದಾಗ ಹೆಣ್ಣು ಎನಿಸಿಕೊಂಡ ಟ್ರಾನ್ಸ್ ಗಂಡಸು ತಾನು ಗಂಡಸು ಎನ್ನುತ್ತಿರುವಾಗ ಮೂರನೆಯವನು ಎನ್ನಲು ನಾವು ಯಾರು? ಸರ್ಕಾರಿ ಕಾಗದದ ‘ಲಿಂಗತ್ವ ಅಲ್ಪಸಂಖ್ಯಾತರು’ ಕರಪತ್ರಕ್ಕೆ ಭಾರ. ನೀವು ಬರೆದಿರುವ ‘ಟ್ರಾನ್ಸ್’ ಸಾಕು. ‘ಆಡುತ್ತಾನೆ, ಆಡುತ್ತಾಳೆ’ ಬಿಟ್ಟು ನೇರವಾಗಿ ‘ನೀವು’ ಅನ್ನಿ. ಲಿಂಗದ ಪ್ರಶ್ನೆಯೇ ಏಳುವುದಿಲ್ಲ.

ಕೊನೇ ಪುಟದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಪ್ಪಕ್ಷರದಲ್ಲಿರಲಿ. ಕನ್ನಡದಲ್ಲೇ ಮಾತಾಡಬಹುದು ಅಂತಲೂ ಬರೆಯಿರಿ. ಕರಡು ಕಳಿಸಿದರೆ ಇವತ್ತು ರಾತ್ರಿಯೇ ನೋಡಿಕೊಡುತ್ತೇನೆ.