ಮಗಳ ಶಾಲೆ ಮುಗಿಯುತ್ತಿದೆ: ಉದ್ಯೋಗದ ಸಿದ್ಧತೆ ಯಾವಾಗ, ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ತಾಯಿ)

ನನ್ನ ಮಗಳಿಗೆ ಈಗ 16 ವರ್ಷ. ಅವಳಿಗೆ ಬೌದ್ಧಿಕ ವಿಕಲತೆಯಿದೆ. ಚಿಕ್ಕ ವಾಕ್ಯಗಳನ್ನು ಓದುತ್ತಾಳೆ, ಲೆಕ್ಕ ಕಷ್ಟ. ಆದರೆ ಕಾಗದಪತ್ರಗಳನ್ನು ಬಣ್ಣ ಅಥವಾ ಸಂಖ್ಯೆಯ ಪ್ರಕಾರ ಜೋಡಿಸಿಡುವ ಕೆಲಸ ಕೊಟ್ಟರೆ ಒಂದೂ ತಪ್ಪಿಲ್ಲದೆ, ಬೇಸರಪಡದೆ ಮಾಡುತ್ತಾಳೆ. ಇನ್ನೆರಡು ವರ್ಷಗಳಲ್ಲಿ ಶಾಲೆ ಮುಗಿಯುತ್ತದೆ. ಮುಂದೇನು ಎಂದು ಕೇಳಿದಾಗಲೆಲ್ಲ ಶಾಲೆಯವರು, "ಮೊದಲು ಅವಳು ಕೆಲಸಕ್ಕೆ ಸಿದ್ಧಳಾಗಲಿ, ಆಮೇಲೆ ನೋಡೋಣ" ಎನ್ನುತ್ತಾರೆ. ಆ ಸಿದ್ಧತೆಯಲ್ಲಿ ಏನೇನು ಸೇರಿದೆ, ಅದು ಮುಗಿಯಿತೆಂದು ತೀರ್ಮಾನಿಸುವವರು ಯಾರು ಎಂಬುದು ನನಗೆ ತಿಳಿಯುತ್ತಿಲ್ಲ. ಅವಳಿಗಿಂತ ಮೊದಲು ಶಾಲೆ ಬಿಟ್ಟ ಹಲವರು ಮನೆಯಲ್ಲೇ ಉಳಿದುಹೋಗಿರುವುದನ್ನು ನೋಡಿದ್ದೇನೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ವಿಶೇಷ ಶಿಕ್ಷಕಿ)

ಮೇಡಂ, ಸಿದ್ಧತೆ ಪೂರ್ಣವಾಗಲಿ ಎಂದು ಕಾಯುತ್ತ ಕುಳಿತರೆ ಆ ದಿನ ಬರುವುದೇ ಇಲ್ಲ. ಬೌದ್ಧಿಕ ವಿಕಲತೆಯಿರುವ ಅನೇಕರಿಗೆ ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗದಲ್ಲಿ ಬಳಸುವುದೇ ದೊಡ್ಡ ತೊಡಕು. ಹೀಗಾಗಿ ಶಾಲೆಯ ತರಬೇತಿ ಕೋಣೆಯಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದರೂ ಹೊಸ ಕಚೇರಿಯಲ್ಲಿ, ಹೊಸ ಮೇಜಿನ ಮುಂದೆ, ಹೊಸ ಜನರ ನಡುವೆ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಈ ಕಾರಣದಿಂದಲೇ 1980ರ ದಶಕದಿಂದ 'ಬೆಂಬಲಿತ ಉದ್ಯೋಗ' ಎಂಬ ಕ್ರಮ ಬೆಳೆದು ಬಂದಿತು. ಇದರಲ್ಲಿ ಮೊದಲು ನಿಜವಾದ ಕೆಲಸಕ್ಕೆ ಸೇರಿಸಿ, ಅಲ್ಲಿಯೇ ಜಾಬ್ ಕೋಚ್ (ಕೆಲಸದ ಜಾಗದಲ್ಲಿ ಜೊತೆಗಿದ್ದು ಕಲಿಸುವವರು) ಒಬ್ಬರ ನೆರವಿನಿಂದ ಕಲಿಸುತ್ತಾರೆ.

ಅಲ್ಲಿ ಕಲಿಸುವ ಬಗೆಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಕೆಲಸವಿದೆ ಎಂದುಕೊಳ್ಳಿ. ಪಿನ್ ತೆಗೆಯುವುದು, ಮಡಚಿದ ಮೂಲೆಯನ್ನು ಬಿಡಿಸುವುದು, ಕಾಗದವನ್ನು ಸರಿಯಾದ ಬದಿಗೆ ತಿರುಗಿಸಿ ಇಡುವುದು, ಗುಂಡಿ ಒತ್ತುವುದು, ಯಂತ್ರ ನಿಲ್ಲುವವರೆಗೆ ಕಾಯುವುದು, ಮುಗಿದದ್ದನ್ನು ಬೇರೆ ಟ್ರೇಗೆ ಹಾಕುವುದು ಎಂದು ಅದನ್ನು ಬಿಡಿಸಿಕೊಳ್ಳುತ್ತೇವೆ. ಹುಡುಗಿ ಎಡವುವುದು ಕಾಗದದ ಬದಿ ಗುರುತಿಸುವಲ್ಲಿ ಮಾತ್ರ ಎಂದು ಕಂಡುಬಂದರೆ, ಯಂತ್ರದ ಮೇಲೆ ಒಂದು ಚಿತ್ರ ಅಂಟಿಸಿ ಆ ಹಂತವನ್ನಷ್ಟೇ ಕಲಿಸುತ್ತೇವೆ. ಕೋಚ್ ಮೊದಲು ಜೊತೆಯಲ್ಲಿ ಮಾಡಿ ತೋರಿಸುತ್ತಾರೆ, ನಂತರ ಬೆರಳು ತೋರಿಸುತ್ತಾರೆ, ನಂತರ ಸುಮ್ಮನೆ ನಿಲ್ಲುತ್ತಾರೆ, ಕೊನೆಗೆ ಕೋಣೆಯಿಂದ ಆಚೆ ಹೋಗುತ್ತಾರೆ. ಕೋಚ್ ಹೀಗೆ ಹಂತಹಂತವಾಗಿ ಹಿಂದೆ ಸರಿಯುವುದನ್ನು ಮೊದಲ ದಿನವೇ ಯೋಜಿಸಿಕೊಳ್ಳದಿದ್ದರೆ ಮಗು ಕೆಲಸದ ಬದಲು ಕೋಚ್‌ನ ಮುಖ ನೋಡುವುದನ್ನೇ ಕಲಿಯುತ್ತದೆ.

ತಮ್ಮ ಮಗಳಿಗೆ ಇದು ತಡವೂ ಅಲ್ಲ, ಬೇಗವೂ ಅಲ್ಲ. ಅಮೆರಿಕದಲ್ಲಿ ವಿದ್ಯಾರ್ಥಿಗೆ 16 ವರ್ಷ ತುಂಬುವ ವೇಳೆಗೆ ಶಾಲೆಯ ನಂತರದ ಬದುಕಿನ ಯೋಜನೆ ಅವರ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ಸೇರಿರಬೇಕೆಂದು ಕಾನೂನೇ ಹೇಳುತ್ತದೆ. ಅಲ್ಲಿನ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ 1996ರಲ್ಲಿ ಆರಂಭವಾದ 'ಪ್ರಾಜೆಕ್ಟ್ ಸರ್ಚ್' ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಶಾಲೆಯ ಕೊನೆಯ ವರ್ಷವನ್ನು ಕೆಲಸದ ಸ್ಥಳದಲ್ಲಿಯೇ, ಬೇರೆ ಬೇರೆ ವಿಭಾಗಗಳಲ್ಲಿ ಸರದಿಯಂತೆ ದುಡಿಯುತ್ತ ಕಳೆಯುತ್ತಾರೆ. ಶಾಲೆಯಲ್ಲಿದ್ದಾಗಲೇ ಸಂಬಳದ ಕೆಲಸ ಮಾಡಿದವರಿಗೆ ಮುಂದೆ ಉದ್ಯೋಗ ಸಿಗುವ ಸಾಧ್ಯತೆ ಹೆಚ್ಚು ಎಂಬುದನ್ನು ಈ ಕ್ಷೇತ್ರದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆದ್ದರಿಂದ ವಾರದಲ್ಲಿ ಕೆಲವು ಗಂಟೆಗಳಾದರೂ ಅವಳನ್ನು ಹೊರಗಿನ ಕೆಲಸಕ್ಕೆ ಕಳುಹಿಸುವಂತೆ ಶಾಲೆಯವರಿಗೆ ಲಿಖಿತವಾಗಿ ಕೇಳಿ.

ಉತ್ತರ 2 (ನೇಮಕಾತಿ ಅಧಿಕಾರಿ)

ನಾನು ಉದ್ಯೋಗ ಕೊಡುವ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಸಂದರ್ಶನವು ಮಾತಿನ ಚಾತುರ್ಯವನ್ನು ಅಳೆಯುತ್ತದೆ, ಕಾಗದ ಜೋಡಿಸುವ ಕೈಯನ್ನು ಅಳೆಯುವುದಿಲ್ಲ. ಅದರ ಬದಲು ಕೆಲವು ದಿನ ಕೆಲಸ ಮಾಡಿಸಿ ನೋಡಿ ಎಂದು ಕೇಳುವ ಹಕ್ಕು ತಮಗಿದೆ ಎಂದೇ ನಾನು ಭಾವಿಸುತ್ತೇನೆ. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯೂ ಸೂಕ್ತ ಹೊಂದಾಣಿಕೆಯನ್ನು, ಅಂದರೆ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಮಾಡಬೇಕಾದ ಬದಲಾವಣೆಯನ್ನು, ನಿರಾಕರಿಸುವುದನ್ನು ತಾರತಮ್ಯವೆಂದೇ ಪರಿಗಣಿಸುತ್ತದೆ.

ಮೇಡಂ, ಸಂಸ್ಥೆಗಳಿಗೆ ಹೋದಾಗ ಖಾಲಿ ಹುದ್ದೆ ಇದೆಯೇ ಎಂದು ಕೇಳಬೇಡಿ, ಯಾವ ಕೆಲಸ ಬಾಕಿ ಬೀಳುತ್ತಿದೆ ಎಂದು ಕೇಳಿ. ಅನುಭವಿ ನೌಕರರ ಸಮಯವನ್ನು ತಿನ್ನುವ, ಆದರೆ ಯಾರೂ ಮನಸ್ಸಿಟ್ಟು ಮಾಡದ ವಿಂಗಡಣೆ, ಜೋಡಣೆ, ಪರಿಶೀಲನೆಯ ಕೆಲಸಗಳು ಪ್ರತಿ ಕಚೇರಿಯಲ್ಲಿಯೂ ಇರುತ್ತವೆ. ಅವುಗಳನ್ನು ಒಟ್ಟುಗೂಡಿಸಿದರೆ ಒಂದು ಹೊಸ ಹುದ್ದೆಯೇ ಆಗುತ್ತದೆ. ತರಬೇತಿಯ ಅವಧಿ ಯಾವತ್ತು ಮುಗಿಯುತ್ತದೆ, ಸಂಬಳ ಯಾವತ್ತಿನಿಂದ ಎಂಬುದನ್ನು ಮಾತ್ರ ಮೊದಲೇ ಬರೆಸಿಕೊಳ್ಳಿ. ತರಬೇತಿಯ ಹೆಸರಿನಲ್ಲಿ ಕೊನೆಯಿಲ್ಲದೆ ಬಿಟ್ಟಿ ದುಡಿಸಿಕೊಳ್ಳುವುದು ಅನ್ಯಾಯ.

ಉತ್ತರ 3 (ದೃಷ್ಟಿ ವಿಕಲತೆಯುಳ್ಳ ಉದ್ಯೋಗಿ)

ಇಲ್ಲಿಯವರೆಗಿನ ಚರ್ಚೆಯಲ್ಲಿ ಮಗಳನ್ನು ಕೇಳಿದಿರಾ ಎಂಬ ಪ್ರಶ್ನೆ ಬರಲಿಲ್ಲ. ನನ್ನ ಶಾಲೆಯಲ್ಲಿ ದೃಷ್ಟಿಯಿಲ್ಲದವರಿಗೆಲ್ಲ ಒಂದೇ ವೃತ್ತಿಯನ್ನು ಕಲಿಸುತ್ತಿದ್ದರು. ನನಗೆ ಬೇಕಾಗಿದ್ದದ್ದು ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ) ಇರುವ ಒಂದು ಕಂಪ್ಯೂಟರ್. ತಮ್ಮ ಮಗಳಿಗೆ ಮಾತಿನಲ್ಲಿ ಆಯ್ಕೆ ಹೇಳುವುದು ಕಷ್ಟವಾದರೆ ಎರಡು ಮೂರು ಕಡೆ ಕರೆದೊಯ್ದು, ಅವಳು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾಳೆ, ಎಲ್ಲಿಂದ ಬೇಗ ಹೊರಡಬಯಸುತ್ತಾಳೆ ಎಂಬುದನ್ನು ಗಮನಿಸಿ.

"ನಿಧಾನವಾಗಿ ಹೇಳಿ", "ಒಂದೊಂದೇ ಕೆಲಸ ಹೇಳಿ", "ನನಗೆ ಅರ್ಥವಾಗಲಿಲ್ಲ" ಎಂಬ ಮೂರು ವಾಕ್ಯಗಳನ್ನು ಅವಳೇ ಹೇಳುವಂತೆ ಈಗಿನಿಂದ ಅಭ್ಯಾಸ ಮಾಡಿಸಿ, ಏಕೆಂದರೆ ಕೆಲಸದ ಜಾಗದಲ್ಲಿ ತಾವು ಪಕ್ಕದಲ್ಲಿರುವುದಿಲ್ಲ. ಹೋಗಿಬರುವ ದಾರಿಯನ್ನೂ ಅಷ್ಟೇ ಮುಖ್ಯವಾಗಿ ಕಲಿಸಬೇಕು. ಕೆಲಸ ಚೆನ್ನಾಗಿ ಬಂದರೂ ಅಲ್ಲಿಗೆ ತಲುಪಲಾಗದೆ ಬಿಟ್ಟವರು ನನ್ನ ಪರಿಚಯದಲ್ಲಿಯೇ ಇದ್ದಾರೆ.

ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಶಾಲೆಗೆ ಪತ್ರ ಬರೆಯುತ್ತಿದ್ದೇನೆ. ಒಂದು ಅಳುಕು ಮಾತ್ರ ಉಳಿದಿದೆ. ಕೆಲವು ದಿನ ಹೋಗಿ ಆಮೇಲೆ ಅವಳು ಹೋಗಲಾರೆ ಎಂದು ಹಟ ಹಿಡಿದರೆ, ಅವಳಿಂದ ಆಗುವುದಿಲ್ಲ ಎಂದು ಶಾಲೆಯವರು ಷರಾ ಬರೆದುಬಿಡುತ್ತಾರೆ.

ವಿಶೇಷ ಶಿಕ್ಷಕಿ

ಹಾಗೆ ಬರೆಯಲು ಬಿಡಬೇಡಿ. ಅವಳು ಬೇಡವೆನ್ನುತ್ತಿರುವುದು ಯಾವುದನ್ನು ಎಂದು ಮೊದಲು ಪತ್ತೆ ಮಾಡಬೇಕು. ಅದು ಕೆಲಸವಿರಬಹುದು, ಯಂತ್ರದ ಸದ್ದಿರಬಹುದು, ಗದರಿಸುವ ಸೂಪರ್‌ವೈಸರ್ ಇರಬಹುದು, ಊಟದ ವೇಳೆಯಲ್ಲಿ ಒಬ್ಬಳೇ ಕೂರಬೇಕಾದದ್ದೂ ಇರಬಹುದು. ಒಂದು ಬಾರಿಗೆ ಒಂದನ್ನೇ ಬದಲಾಯಿಸಿ ನೋಡಿ, ಏನನ್ನು ಬದಲಾಯಿಸಿದಿರಿ, ಅವಳು ಹೇಗೆ ನಡೆದುಕೊಂಡಳು ಎಂಬುದನ್ನು ದಿನಾಂಕ ಸಮೇತ ಅವಳ ಕಡತದಲ್ಲಿ ಸೇರಿಸಿ. ಮುಂದಿನ ಕೆಲಸದ ಜಾಗ ಹುಡುಕುವಾಗ ಕೋಚ್ ಮೊದಲು ಕೇಳುವುದು ಆ ಟಿಪ್ಪಣಿಗಳನ್ನೇ.