ಸಹಾಯ ಬೇಕು: ಅಭಿಪ್ರಾಯ ಬರಹ ಕಲಿಸಲು ಅನುಭವಿಗಳು

ಎಲ್ಲರಿಗೂ ನಮಸ್ಕಾರ. ಅಲ್ಪಸಂಖ್ಯಾತ ಸಮುದಾಯಗಳ ಆರು ಮಂದಿ ಯುವ ಪತ್ರಕರ್ತರಿಗೆ ಸಂಪಾದಕೀಯ, ಅಂಕಣ ಬರೆಯುವುದನ್ನು ಕಲಿಸುತ್ತಿದ್ದೇನೆ. ವರದಿಗಾರಿಕೆಯಲ್ಲಿ ಪಳಗಿದವರೇ. ಆದರೆ ತಮ್ಮ ನಿಲುವು ಹೇಳಬೇಕಾದಲ್ಲಿ ಕೈ ತಡೆಯುತ್ತದೆ. ಮೊನ್ನೆ ಒಬ್ಬಳ ಕರಡಿನಲ್ಲಿ ಮೂರು ಪ್ಯಾರಾ ಬರೀ ಹಿನ್ನೆಲೆ. ಅವಳ ವಾದ ಕೊನೆಯ ಸಾಲಿನಲ್ಲಿ, ಅದೂ 'ಎಂದು ಕೆಲವರು ಹೇಳುತ್ತಾರೆ' ಎಂಬ ಮುಸುಕು ಹೊದ್ದು. ಆ ಸಾಲನ್ನು ಮೊದಲಿಗೆ ತಂದು, 'ಕೆಲವರು' ಎಂಬುದನ್ನು ಹೊಡೆದುಹಾಕಿದೆವು. ಲೇಖನಕ್ಕೆ ಜೀವ ಬಂತು.

ಇನ್ನೊಂದು ಸಂಕಟವಿದೆ. ಇವರಿಂದ ಸಂಪಾದಕರು ಕೇಳುವುದು ಸಮುದಾಯದ ವಿಷಯವನ್ನಷ್ಟೇ. ಬಜೆಟ್ ಬಗ್ಗೆ, ವಿಜ್ಞಾನದ ಬಗ್ಗೆ ಇವರಿಗೆ ಅಭಿಪ್ರಾಯವಿರುವುದಿಲ್ಲವೇ? ಅಮೆರಿಕದ ಸುದ್ದಿಮನೆಗಳ ಸಂಪಾದಕೀಯ ಹುದ್ದೆಗಳಲ್ಲಿ ಕಪ್ಪುವರ್ಣೀಯರು ಶೇ 5ಕ್ಕೂ ಕಡಿಮೆ ಎಂದು, ಜನಾಂಗೀಯ ಗಲಭೆಗಳ ತನಿಖೆಗೆ ಅಲ್ಲಿನ ಸರ್ಕಾರ ನೇಮಿಸಿದ್ದ ಕರ್ನರ್ ಆಯೋಗ 1968ರಲ್ಲೇ ಎಚ್ಚರಿಸಿತ್ತು. ಹುದ್ದೆ ಸಿಕ್ಕರೂ ಅಭಿಪ್ರಾಯ ಪುಟದ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ ಎಂಬುದು ನಾನು ಕಂಡ ಸತ್ಯ.

ಅಂಕಣ ಬರೆದು, ತಿದ್ದಿ ಅನುಭವವಿರುವವರು ತಲಾ ಒಂದು ಕರಡು ಓದಿ ಗುರುತು ಹಾಕಿಕೊಡುವಿರಾ? ದಾಕ್ಷಿಣ್ಯ ಬೇಡ, ಸಡಿಲವಾದ ವಾದವನ್ನು ಸಡಿಲವೆಂದೇ ಬರೆಯಿರಿ. ಹೆಸರು ನೋಡಿಯೇ ನಿಂದಿಸುವ ಓದುಗರನ್ನು ಎದುರಿಸಿದವರಿದ್ದರೆ, ಒಂದು ಗಂಟೆ ಇವರೊಂದಿಗೆ ಮಾತನಾಡಿ. ಅದನ್ನು ಕಲಿಸುವಷ್ಟು ಅನುಭವ ನನಗಿಲ್ಲ. ಒಪ್ಪುವವರು ದಯವಿಟ್ಟು ಇಲ್ಲೇ ತಿಳಿಸಿ.