ಅಪ್‌ಡೇಟ್: ಓಡಿದ ಮೇಲೆ ಸ್ಟ್ರೆಚಿಂಗ್, ಈಗ ತಪ್ಪುವುದಿಲ್ಲ

ಮಲ್ಪೆ ಬೀಚಲ್ಲಿ ಓಡಿದ ಮೇಲೆ ಸ್ಟ್ರೆಚಿಂಗ್ ತಪ್ಪಿಸದೆ ಮಾಡುವುದು ಹೇಗೆ ಅಂತ ಕೇಳಿದ್ದೆನಲ್ಲ, ಈಗ ಅಭ್ಯಾಸ ಆಗಿದೆ ಮಾರಾಯ್ರೆ.

ಕೆಲಸಕ್ಕೆ ಬಂದದ್ದು ಒಂದೇ ಸಲಹೆ: ಮನೆಗೆ ಹೋಗಿ ಮಾಡ್ತೇನೆ ಅನ್ನಬೇಡಿ, ಶೂ ಬಿಚ್ಚುವ ಮೊದಲೇ ಮುಗಿಸಿ ಅಂತ ಒಬ್ಬರು ಹೇಳಿದ್ದು. ಬೆವರು ಆರಿ, ಸ್ಕೂಟರ್ ಹತ್ತಿ, ದಾರಿಯಲ್ಲಿ ಬನ್ಸ್ ಕರಿಯುವ ಪರಿಮಳ ಮೂಗಿಗೆ ಬಡಿದ ಮೇಲೆ ಯಾರು ಸ್ಟ್ರೆಚ್ ಮಾಡ್ತಾರೆ, ಅಲ್ವಾ? ಈಗ ಅಲ್ಲೇ ಗೋಡೆಗೆ ಎರಡೂ ಕೈ ಒತ್ತಿ, ಒಂದು ಕಾಲು ಹಿಂದೆ ಚಾಚಿ, ಹಿಮ್ಮಡಿ ನೆಲ ಬಿಡದ ಹಾಗೆ 30 ಸೆಕೆಂಡ್ ನಿಲ್ಲುತ್ತೇನೆ. ಆಮೇಲೆ ಹಿಂದೆ ಚಾಚಿದ ಅದೇ ಕಾಲಿನ ಮೊಣಕಾಲು ಸ್ವಲ್ಪ ಮಡಚಿ ಇನ್ನೊಮ್ಮೆ. ಮಡಚಿದಾಗ ಮೀನಖಂಡದ ಒಳಗಿನ ಸ್ನಾಯುವಿಗೆ ಎಳೆತ ಸಿಗುತ್ತದೆ, ಹಿಮ್ಮಡಿಯ ಸ್ವಲ್ಪ ಮೇಲೆ ಅದು ಗೊತ್ತಾಗುತ್ತದೆ. ಕುಲುಕಬಾರದು, ನೋವಾಗುವಷ್ಟು ಎಳೆಯಲೂ ಬಾರದು.

ಮರುದಿನದ ಮೈಕೈ ನೋವು ಹೋಗುತ್ತದಾ ಅಂತ ಕೆಲವರು ಕೇಳಿದ್ದರು. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಸೇರಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2011ರ ವರದಿಯೂ ಅದನ್ನೇ ಹೇಳುತ್ತದೆ. ಆದರೆ ಕಾಲಿನ ಬಿಗಿತ ಕಡಿಮೆಯಾಗಿದೆ, ನೆಲದಲ್ಲಿ ಊಟಕ್ಕೆ ಕೂರುವುದು ಸುಲಭ. ಮಳೆ ಶುರುವಾದರೆ ಜಗಲಿಯ ಕಂಬ ಉಂಟಲ್ಲ, ಅದಕ್ಕೇ ಕೈ ಕೊಟ್ಟರಾಯಿತು.